ಬಿಸಿಲು ಮೇಯುವ ಕುರಿಗಳು

ಬೆಳಗಿನ ಬಿಸಿಲು ಏರುತ್ತಿದ್ದಂತೆ ಮಾಳಪ್ಪನ ಮೂವತ್ತೆಂಟು ಮರಿಗಳು ಒಂದೊಂದಾಗಿ ತಿರುಗಿ ಸೂರ್ಯನಿಗೆ ಪಕ್ಕೆ ಕೊಟ್ಟು ನಿಂತವು. ಅವುಗಳ ಬೆನ್ನಿನ ಉಣ್ಣೆಯನ್ನು ಬುಡದವರೆಗೆ ಕತ್ತರಿಸಿದ್ದರು. ಕೆಳಗಿನ ಚರ್ಮ ಎಳೆ ಹೆಸರುಕಾಯಿಯ ಬಣ್ಣಕ್ಕಿತ್ತು. ಮೂರು ದಿನದಿಂದ ಅವು ಒಂದು ಎಸಳು ಹುಲ್ಲನ್ನೂ ತಿಂದಿರಲಿಲ್ಲ. ಆದರೂ ಯಾವುದರ ಹೊಟ್ಟೆಯೂ ಒಳಗೆ ಸರಿದಿರಲಿಲ್ಲ, ಯಾವುದೂ ಹಸಿದು ಒದರುತ್ತಿರಲಿಲ್ಲ.

ಸುರೇಖಾ ಕಂಬಳಿ ಒಂದು ಮರಿಯ ಕಿವಿಯಂಚಿಗೆ ಸೂಜಿ ತಾಕಿಸಿ, ಬಂದ ರಕ್ತದ ಹನಿಯನ್ನು ಅಂಗೈಯಗಲದ ಯಂತ್ರಕ್ಕೆ ಮುಟ್ಟಿಸಿದಳು. ಕುಷ್ಟಗಿ ಸೀಮೆಯ ಹನ್ನೆರಡು ಹಳ್ಳಿಗಳಿಗೆ ಅವಳೇ ಪಶುವೈದ್ಯೆ. ಆ ಹಳ್ಳಿಗಳಲ್ಲಿ ಒಂದರಲ್ಲಿಯೇ ಅವಳು ಹುಟ್ಟಿದ್ದು. ಮಾಳಪ್ಪ ಅವಳ ತಂದೆಯ ತಮ್ಮ.

"ಏನಂತೈತಿ ನಿನ್ನ ಯಂತ್ರ?" ಮಾಳಪ್ಪ ಕೇಳಿದ.

"ಹೊಟ್ಟಿ ತುಂಬೇತಿ ಅಂತೈತಿ, ಕಾಕಾ."

"ಬಿಸಿಲು ತಿಂದು?"

"ಹೂಂ. ಬಿಸಿಲು ತಿಂದು."

ಮಾಳಪ್ಪ ಬೊಚ್ಚುಬಾಯಿ ತೆರೆದು ನಕ್ಕ. "ನಾ ಅರವತ್ತು ವರ್ಷ ಇದ ಬಿಸಿಲಾಗ ಅಡ್ಡಾಡೀನಿ. ನನಗ್ಯಾಕ ಒಂದಿನಾನೂ ಹೊಟ್ಟಿ ತುಂಬಲಿಲ್ಲ?"

ಸುರೇಖಾಳೂ ನಕ್ಕಳು. ಅದು 2058ರ ಮಾಘ ಮಾಸ. ಅವಳ ಬದುಕಿನಲ್ಲಿ ಅಷ್ಟು ಹಗುರಾದ ಮನಸ್ಸಿನಿಂದ ನಕ್ಕ ದಿನಗಳು ಹೆಚ್ಚಿರಲಿಲ್ಲ.

ಕಡಲಿನಲ್ಲಿ ಚಿಪ್ಪಿಲ್ಲದ ಒಂದು ಜಾತಿಯ ಬಸವನಹುಳುವಿದೆ. ಅದು ಪಾಚಿಯನ್ನು ತಿನ್ನುತ್ತದೆ, ಆದರೆ ಪಾಚಿಯೊಳಗಿನ ಹಸಿರು ಕಣಗಳನ್ನು ಅರಗಿಸಿಕೊಳ್ಳದೆ ತನ್ನ ಮೈಯಲ್ಲಿಯೇ ಜೋಪಾನವಾಗಿ ಇಟ್ಟುಕೊಳ್ಳುತ್ತದೆ. ಎಲೆಗಳಲ್ಲಿರುವುದೂ ಅಂಥವೇ ಕಣಗಳು. ಬಿಸಿಲಿನ ಶಕ್ತಿಯಿಂದ ನೀರನ್ನೂ ಗಾಳಿಯನ್ನೂ ಬೆರೆಸಿ ಸಕ್ಕರೆ ಮಾಡುವ ಪುಟ್ಟ ಅಡುಗೆಮನೆಗಳು. ಕದ್ದುಕೊಂಡ ಆ ಅಡುಗೆಮನೆಯ ಬಲದಿಂದ ಹುಳು ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಧಾರವಾಡದ ಸಸ್ಯವಿಜ್ಞಾನಿ ಡಾ. ಉತ್ತರಾ ಭಾಗವತ್ ಇಪ್ಪತ್ತು ವರ್ಷ ಈ ವಿದ್ಯೆಯ ಬೆನ್ನು ಹತ್ತಿ, ಕೊನೆಗೆ ಅದನ್ನು ಕುರಿಗೆ ಕಲಿಸಿದ್ದರು. ಗಬ್ಬದ ಕುರಿಗೆ ಒಂದೇ ಒಂದು ಚುಚ್ಚುಮದ್ದು ಸಾಕು, ಹುಟ್ಟುವ ಮರಿ ಹಸಿರಾಗಿರುತ್ತಿತ್ತು.

ಇದು ಕುರುಬರಿಗೆ ಬೇಕಾಗಿತ್ತು. ಹಿಂದೆ ಈ ಸೀಮೆಯ ಹಿಂಡುಗಳು ದೀಪಾವಳಿ ಮುಗಿದ ಮೇಲೆ ಹೊರಟು, ನೂರಾರು ಮೈಲಿ ಮೇಯುತ್ತ ಹೋಗಿ, ಮುಂಗಾರಿಗೆ ತಿರುಗಿ ಬರುತ್ತಿದ್ದವು. ಈಗ ಬಯಲೆಲ್ಲ ಸೌರಫಲಕಗಳ ಬೇಲಿಯೊಳಗೆ ಸೇರಿಹೋಗಿತ್ತು. ಹಿಂಡು ದಾಟುವಷ್ಟು ದಾರಿಯೂ ಉಳಿದಿರಲಿಲ್ಲ. ಒಂದೊಂದೇ ಮನೆಯವರು ಕುರಿ ಬಿಟ್ಟು ಫಲಕ ಒರೆಸುವ ಕೆಲಸಕ್ಕೆ ಸೇರುತ್ತಿದ್ದರು.

ಹಿಂದಿನ ವರ್ಷ ಉತ್ತರಾ ಮೇಡಂ ಊರಿಗೆ ಬಂದಾಗ ಬೀರಪ್ಪನ ಗುಡಿಯ ಮುಂದೆ ಜನ ಸೇರಿದ್ದರು. ಮೇಡಂ ಒಂದು ತಾಸು ಮಾತಾಡಿದರು. ಕೊನೆಗೆ ಮಾಳಪ್ಪ ಎದ್ದು ನಿಂತ.

"ಅಕ್ಕಾರ, ನಂದು ಒಂದ ಮಾತು. ನಮ್ಮ ಕುರಿ ಕುರಿಯಾಗೇ ಉಳೀತಾವೇನ್ರಿ?"

"ಉಳೀತಾವ, ಮಾಳಪ್ಪನವರ. ಹಸಿವು ಒಂದು ಕಡಿಮಿ ಆಗ್ತದ, ಅಷ್ಟ," ಎಂದರು ಮೇಡಂ.

ಮಾಳಪ್ಪ ಅವರ ಮುಖ ನೋಡಲಿಲ್ಲ. ಪಕ್ಕದಲ್ಲಿ ಕೂತಿದ್ದ ಸುರೇಖಾಳ ಕಡೆ ತಿರುಗಿದ. "ನೀ ಹೇಳವ್ವ."

"ನಾ ಅದೀನಲ್ಲ, ಕಾಕಾ," ಎಂದಳು ಸುರೇಖಾ. "ನನ್ನ ಮ್ಯಾಲ ನಂಬಿಗಿ ಇಡು."

ಅಷ್ಟಕ್ಕೇ ಊರು ಒಪ್ಪಿತು. ಮೊದಲು ಸೂಜಿ ಚುಚ್ಚಿಸಿಕೊಂಡದ್ದು ಮಾಳಪ್ಪನ ನಲವತ್ತು ಗಬ್ಬದ ಕುರಿಗಳು. ಹುಟ್ಟುವ ಹಸಿರು ಮರಿಗಳು ಮೇಡಂ ಅವರ ಪ್ರಯೋಗಾಲಯಕ್ಕೆ ಸೇರಿದವು, ಸಾಕಾಣಿಕೆ ಮಾತ್ರ ಮಾಳಪ್ಪನದು ಎಂದು ಒಂದು ಕಾಗದವಾಯಿತು. ಆ ಕಾಗದವನ್ನು ಓದಿ ಹೇಳಿದವಳೂ ಸುರೇಖಾಳೇ.

ಅವಳು ಹಾಗೆ ಮಾತು ಕೊಟ್ಟದ್ದಕ್ಕೆ ಕಾರಣವಿತ್ತು. ಧಾರವಾಡಕ್ಕೆ ಓದಲು ಹೋದ ವರ್ಷವೇ ಅವಳ ತಂದೆ ತೀರಿಕೊಂಡಿದ್ದ. ಓದು ಬಿಟ್ಟು ಊರಿಗೆ ಹೊರಟವಳನ್ನು ತಡೆದು ತಮ್ಮ ಮನೆಯಲ್ಲಿ ಇಟ್ಟುಕೊಂಡವರು ಉತ್ತರಾ ಮೇಡಂ. ಟೈಫಾಯ್ಡ್ ಜ್ವರ ಬಂದು ಮಲಗಿದಾಗ ಹದಿನೆಂಟು ದಿನ ಗಂಜಿ ಕಾಯಿಸಿ ಕುಡಿಸಿದವರು ಅವರು. ನೂರಾರು ವಿದ್ಯಾರ್ಥಿಗಳ ನಡುವೆ ತನ್ನಲ್ಲಿ ಏನೋ ಕಂಡು ಆರಿಸಿಕೊಂಡರು ಎಂಬ ಹೆಮ್ಮೆ ಸುರೇಖಾಳಿಗೆ ಮೈತುಂಬ ಇತ್ತು. ಊರವರು ಅವಳನ್ನು ನಂಬಿದ ಹಾಗೆಯೇ ಅವಳು ಮೇಡಂ ಅವರನ್ನು ನಂಬಿದ್ದಳು.

ಮರಿಗಳಿಗೆ ಎಂಟು ತಿಂಗಳು ತುಂಬಿದಾಗ ಮೊದಲ ಬದಲಾವಣೆ ಕಂಡವನು ಮಾಳಪ್ಪ. ಅವನು ಕೂಗು ಹಾಕಿದರೆ ಅವು ತಿರುಗುತ್ತಿರಲಿಲ್ಲ. ಮೊದಲೆಲ್ಲ ಸಂಜೆ ನೆರಳು ಬೀಳುತ್ತಲೇ ಜಿಗಿದಾಡುತ್ತಿದ್ದ ಮರಿಗಳು ಈಗ ನಿಂತಲ್ಲೇ ಕಾಲು ಮಡಚಿ ಕೂತುಬಿಡುತ್ತಿದ್ದವು. ತಾಯಿಕುರಿಗಳು ಬಂದು ಮೂಸಿ, ಒದರಿ, ಉತ್ತರ ಕಾಣದೆ ಹೋಗುತ್ತಿದ್ದವು. ನಾಯಿ ಬೊಗಳಿದರೂ ಅವುಗಳ ಕಿವಿ ಅಲ್ಲಾಡುತ್ತಿರಲಿಲ್ಲ.

"ಇವಕ್ಕ ನಾ ಯಾರಂತ ಗೊತ್ತಿಲ್ಲ," ಎಂದು ಮಾಳಪ್ಪ ಫೋನಿನಲ್ಲಿ ಹೇಳಿದ.

ಸುರೇಖಾ ಧಾರವಾಡಕ್ಕೆ ಫೋನು ಮಾಡಿದಳು. ಮೇಡಂ ಎಂದಿನ ಅಕ್ಕರೆಯಲ್ಲಿ, "ಹೊಟ್ಟಿ ತುಂಬಿದ ಜೀವ ಶಾಂತ ಇರ್ತದ, ಸುರೇಖಾ. ಓಡಾಡಿಸೋದು ಹಸಿವು. ಹಸಿವಿಲ್ಲ ಅಂದಮ್ಯಾಲ ಯಾಕ ಓಡಬೇಕು?" ಎಂದರು. ಅವಳಿಗೆ ಅದು ಸರಿ ಎನ್ನಿಸಿತು. ಮಾಳಪ್ಪನಿಗೂ ಹಾಗೆಯೇ ಹೇಳಿದಳು.

ಹದಿನೈದು ದಿನದ ಮೇಲೆ, ಮಟಮಟ ಮಧ್ಯಾಹ್ನ, ಮತ್ತೆ ಫೋನು ಬಂತು. ಮಾಳಪ್ಪನ ದನಿ ಗುರುತು ಸಿಗದಂತಿತ್ತು.

"ತೋಳ ಬಂದಿತ್ತವ್ವ."

"ಎಷ್ಟು ಹೋದುವು, ಕಾಕಾ?"

"ಒಂದ ಹೋತು. ಅದಲ್ಲ ನಾ ಹೇಳೂದು. ಒಂದೂ ಓಡಲಿಲ್ಲ. ತೋಳ ನಡಕೊಂಡ ಬಂತು. ಹಿಂಡಿನ ನಡುವ ನಿಂತು ಆಕಡಿ ಈಕಡಿ ನೋಡ್ತು. ತನಗ ನಾಚಿಕಿ ಬಂದಂಗ ನಿಂತಿತ್ತು ಮೂಳ. ಆಮ್ಯಾಲ ಗಿಡದಾಗಿನ ಕಾಯಿ ಹರಕೊಂಡಂಗ ಒಂದನ್ನ ಹರಕೊಂಡು ಹೋತು. ಮಗ್ಗಲಾಗಿನ ಕುರಿ ತಿರುಗಿ ಸೈತ ನೋಡಲಿಲ್ಲ. ಬಿಸಿಲಿಗೆ ಪಕ್ಕಿ ಕೊಟ್ಟು ನಿಂತಿತ್ತು. ನಾ ಕಲ್ಲು ಒಗದು ಓಡಿಸಿದ ಮ್ಯಾಲೆ ತೋಳ ಅರ್ಧ ದಾರಿಯಾಗ ಬಿಟ್ಟು ಹೋಗೇತಿ. ಹೆಣ ಇಲ್ಲೇ ಐತಿ. ನೀ ಬಾ."

ಹುಣಸೆ ಮರದ ನೆರಳಿನಲ್ಲಿ ಕಂಬಳಿ ಹಾಸಿ ಸುರೇಖಾ ಆ ಕುರಿಯ ತಲೆಬುರುಡೆ ತೆರೆದಳು. ಕುರಿಯ ಮೆದುಳು ಎಷ್ಟು ದೊಡ್ಡದಿರುತ್ತದೆಂದು ಅವಳ ಕೈಗೆ ಗೊತ್ತಿತ್ತು. ದೊಡ್ಡ ನಿಂಬೆಹಣ್ಣು ಎರಡನ್ನು ಜೋಡಿಸಿದಷ್ಟು. ಇಲ್ಲಿ ಬುರುಡೆಯ ಅರ್ಧ ಭಾಗ ನೀರು ತುಂಬಿಕೊಂಡಿತ್ತು. ಆ ನೀರಿನಲ್ಲಿ ಒಣಗಿದ ನೆಲ್ಲಿಕಾಯಿಯಂಥದ್ದು ಒಂದು ಕೂತಿತ್ತು. ರೋಗವಿರಬಹುದೆಂದು ಅವಳು ಗಾಯ, ಕೀವು, ಹುಳು, ಎಲ್ಲವನ್ನೂ ಹುಡುಕಿದಳು. ಏನೂ ಇರಲಿಲ್ಲ. ಯಾರೋ ಅಚ್ಚುಕಟ್ಟಾಗಿ ಮನೆ ಖಾಲಿ ಮಾಡಿಕೊಂಡು ಹೋದಂತಿತ್ತು.

ವಂಶವಾಹಿ ಓದುವ ಕೈಯಂತ್ರ ಅವಳ ಜೀಪಿನಲ್ಲಿಯೇ ಇತ್ತು. ಜೀವಕೋಶದೊಳಗೆ ಬರೆದಿರುವ ಮೈಯ ನಕ್ಷೆಯನ್ನು ಅದು ಅಕ್ಷರ ಅಕ್ಷರವಾಗಿ ಓದಿ, ಯಾವ ತುಂಡು ಯಾವ ಜೀವಿಯದು ಎಂದು ಹೇಳುತ್ತದೆ. ಆ ಮೂವತ್ತೆಂಟು ಮರಿಗಳನ್ನು ಹಾಗೆ ಓದಿಸಬೇಕೆಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ. ಮೇಡಂ ಬರೆದುಕೊಟ್ಟ ಪಟ್ಟಿ ಕೈಯಲ್ಲಿದ್ದಾಗ ಮತ್ತೆ ಓದುವುದೇಕೆ? ಯಂತ್ರ ಅರ್ಧ ತಾಸು ತೆಗೆದುಕೊಂಡಿತು. ಕುರಿಯ ತುಂಡುಗಳನ್ನು ಹೇಳಿತು. ಪಾಚಿಯ ತುಂಡುಗಳನ್ನು ಹೇಳಿತು. ಬಸವನಹುಳುವಿನದನ್ನು ಹೇಳಿತು. ಕೊನೆಗೆ ಪಟ್ಟಿಯಲ್ಲಿ ಇಲ್ಲದ ಒಂದು ಹೆಸರು ಹೇಳಿತು.

ಅದು ಕಡಲಿನ ಇನ್ನೊಂದು ಜೀವಿ. ಬಂಡೆಗೆ ಅಂಟಿಕೊಂಡು ಬದುಕುವ ಚೀಲದಂಥ ಪ್ರಾಣಿ. ಮರಿಯಾಗಿದ್ದಾಗ ಅದು ಗೊದಮೊಟ್ಟೆಯಂತೆ ಬಾಲ ಬಡಿಯುತ್ತ ಈಜುತ್ತದೆ. ಅದಕ್ಕೆ ಬೆಳಕು ಗುರುತಿಸುವ ಕಣ್ಣಿರುತ್ತದೆ, ಪುಟ್ಟ ಮೆದುಳಿರುತ್ತದೆ. ಒಳ್ಳೆಯ ಬಂಡೆ ಸಿಕ್ಕಿ, ಇನ್ನು ಎಲ್ಲಿಗೂ ಹೋಗಬೇಕಿಲ್ಲ ಎಂದಾದ ಮೇಲೆ ಬಾಲವನ್ನೂ ಕಣ್ಣನ್ನೂ ಮೆದುಳಿನ ಬಹುಪಾಲನ್ನೂ ತಾನೇ ಅರಗಿಸಿಕೊಂಡುಬಿಡುತ್ತದೆ.

ಸುರೇಖಾ ಯಂತ್ರವನ್ನು ಪೆಟ್ಟಿಗೆಗೆ ಸೇರಿಸಿದಳು. ಮಾಳಪ್ಪನಿಗೆ ಇನ್ನೂ ಹೇಳುವಂತಿರಲಿಲ್ಲ. ಮೊದಲು ಮೇಡಂ ಬಾಯಿಂದ ಕೇಳಬೇಕಿತ್ತು.

ಮರುದಿನ ಹತ್ತು ಗಂಟೆಗೆ ಅವಳು ಧಾರವಾಡದ ಆ ಪ್ರಯೋಗಾಲಯದಲ್ಲಿದ್ದಳು. ಉತ್ತರಾ ಮೇಡಂ ಗಾಜಿನ ಮನೆಯಲ್ಲಿ ಮುಟ್ಟಿದರೆ ಮುನಿ ಗಿಡಗಳಿಗೆ ನೀರು ಹಾಕುತ್ತಿದ್ದರು. ಅವಳ ಮುಖ ನೋಡಿದ ಕೂಡಲೇ ಝಾರಿ ಕೆಳಗಿಟ್ಟರು.

"ಗೊತ್ತಾತು ಅಲ್ಲ?" ಎಂದರು.

ಅವರು ಅಲ್ಲಗಳೆಯುತ್ತಾರೆ, ಎಲ್ಲೋ ತಪ್ಪಾಗಿದೆ ಎನ್ನುತ್ತಾರೆ ಎಂದು ದಾರಿಯುದ್ದಕ್ಕೂ ಆಸೆ ಇಟ್ಟುಕೊಂಡು ಬಂದಿದ್ದ ಸುರೇಖಾ ಯಂತ್ರವನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ.

"ಯಾಕ್ರಿ ಮೇಡಂ?"

"ಕೂಡು. ಲೆಕ್ಕ ಹೇಳ್ತೀನಿ. ಗಿಡಕ್ಕ ಎಷ್ಟು ಎಲಿ ಇರ್ತಾವ ನೋಡು. ಮೈ ಎಲ್ಲಾ ಚಾಚಿಕೊಂಡು ಬಿಸಿಲು ಹಿಡೀತದ. ಕುರಿ ಹಂಗಲ್ಲ, ಅದೊಂದು ಗುಂಡು ಚೀಲ. ಅದರ ಚರ್ಮ ಎಲ್ಲಾ ಹಸಿರು ಮಾಡಿದರೂ ಬರೋ ಸಕ್ಕರಿ ಅದರ ಹಸಿವಿನ ಮೂವತ್ತರಾಗ ಒಂದು ಪಾಲು. ಕಣಗಳನ್ನ ಸುಧಾರಿಸಿ ಐದು ಪಟ್ಟು ಮಾಡಿದೆ. ಆದರೂ ಆರರಾಗ ಒಂದು. ಗಳಿಕಿ ಹೆಚ್ಚು ಮಾಡ್ಲಿಕ್ಕೆ ಆಗಲಿಲ್ಲ. ಹಂಗಾದ್ರ ಖರ್ಚು ಕಡಿಮಿ ಮಾಡಬೇಕು. ಪ್ರಾಣಿ ಖರ್ಚು ಮಾಡೋದು ಎದಕ್ಕ? ಮೈ ಬಿಸಿ ಇಟ್ಟುಕೊಳ್ಳಾಕ, ಓಡಾಕ, ಹೆದರಾಕ, ಯಾರು ಯಾರು ಅಂತ ನೆನಪಿಡಾಕ. ಅದನ್ನೆಲ್ಲಾ ಇಳಿಸಿದೆ."

"ಊರ ಮುಂದ ಕುರಿ ಕುರಿಯಾಗೇ ಉಳೀತಾವ ಅಂದ್ರಿ."

"ಉಣ್ಣಿ ಕೊಡ್ತಾವ. ಮಾಂಸ ಕೊಡ್ತಾವ. ಮಂದಿಗೆ ಕುರಿ ಬೇಕಾಗಿದ್ದು ಅದಕ್ಕ ಅಲ್ಲೇನು?" ಮೇಡಂ ಒಂದು ಮುಟ್ಟಿದರೆ ಮುನಿ ಎಲೆಯನ್ನು ಬೆರಳಿನಿಂದ ಸವರಿದರು. ಅದು ಮಡಚಿಕೊಂಡಿತು. "ನಿಂತಲ್ಲೇ ಇರೋ ಜೀವ ಕೀಳು ಅಂತ ಯಾಕ ತಿಳೀತಿ? ಗಿಡ ಯಾವುದರಾಗ ಕಡಿಮಿ? ಮುಟ್ಟಿದ್ದು ಗೊತ್ತಾಗ್ತದ. ಹುಳ ಬಿದ್ರ ವಾಸನಿಯಿಂದ ಪಕ್ಕದ ಗಿಡಕ್ಕ ಸುದ್ದಿ ಮುಟ್ಟಸ್ತದ. ಉಸಿರಾಡ್ತದ, ಬೆಳೀತದ, ಮಕ್ಕಳು ಮಾಡ್ತದ. ಮೆದುಳು ಒಂದಿಲ್ಲ, ಯಾಕಂದ್ರ ಬೇಕಾಗಿಲ್ಲ. ನಾನು ಕುರಿನ್ನ ಕೆಳಗ ಇಳಿಸಲಿಲ್ಲ, ಸುರೇಖಾ. ಬ್ಯಾರೆ ದಾರಿಗೆ ಹಚ್ಚಿದೆ."

ಈ ಮಾತುಗಳನ್ನೆಲ್ಲ ಸುರೇಖಾ ಇದೇ ಬಾಯಿಂದ ಪಾಠವಾಗಿ ಕೇಳಿದ್ದಳು, ಪ್ರೀತಿಸಿದ್ದಳು. ಆದರೆ ನಿನ್ನೆ ಆ ಕುರಿಯ ಕುತ್ತಿಗೆಯ ಗಾಯವನ್ನು ತನ್ನ ಕೈಯಿಂದಲೇ ತೊಳೆದಿದ್ದಳು.

"ಗಿಡ ನಿಂತು ಬದುಕೋದನ್ನ ಕೋಟಿಗಟ್ಟಲೆ ವರ್ಷ ಕಲತೈತ್ರಿ ಮೇಡಂ," ಎಂದಳು. "ಅದಕ್ಕ ಮುಳ್ಳು ಐತಿ. ತಿನ್ನಾಕ ಬಂದವರಿಗೆ ಕಹಿ ಐತಿ. ಒಂದು ಟೊಂಗಿ ಮುರದ್ರ ಹತ್ತು ಚಿಗೀತಾವ. ಮ್ಯಾಲಿಂದೆಲ್ಲಾ ಹೋದ್ರೂ ಬೇರು ಉಳೀತೈತಿ. ನೀವು ನಮ್ಮ ಕುರಿಗೆ ಅದ್ರಾಗ ಏನು ಕೊಟ್ರಿ? ಮುಳ್ಳು ಕೊಡಲಿಲ್ಲ, ಬೇರು ಕೊಡಲಿಲ್ಲ. ಓಡೂದೊಂದ ಅದರ ಕೈಯಾಗಿತ್ತು. ಅದನ್ನ ಕಸಗೊಂಡ್ರಿ. ಗಿಡಾನೂ ಆಗಲಿಲ್ಲ ಅದು, ಪ್ರಾಣಿಯಾಗೂ ಉಳೀಲಿಲ್ಲ."

ಮೇಡಂ ಝಾರಿ ಎತ್ತಿಕೊಂಡು ಮುಂದಿನ ಗಿಡಕ್ಕೆ ನೀರು ಹಾಕಿದರು.

"ನನಗ್ಯಾಕ ಹೇಳಲಿಲ್ರಿ? ನಾ ನಿಮ್ಮ ಮನಿಯಾಗ ಉಂಡು ಬೆಳದಾಕಿ."

"ಹೇಳಿದ್ರ ನೀನು ಒಪ್ತಿದ್ದಿಲ್ಲ. ನೀನು ಒಪ್ಪದಿದ್ರ ನಿಮ್ಮ ಮಂದಿ ಒಪ್ತಿದ್ದಿಲ್ಲ. ಹೊರಗಿನವರಿಗೆ ಅವರು ಕುರಿ ಕೊಡ್ತಾರೇನು?" ಮೇಡಂ ದನಿ ಕಠಿಣವಾಗಿರಲಿಲ್ಲ, ಅದೇ ಹಳೆಯ ಅಕ್ಕರೆಯ ದನಿ. "ನನಗ ಕುರುಬರ ಹುಡುಗಿ ಒಬ್ಬಾಕಿ ಬೇಕಾಗಿದ್ಲು. ಅವರೊಳಗಿನಾಕಿ. ನೀ ಸಿಕ್ಕಿ."

"ಯಾವಾಗಿಂದ್ರಿ?"

"ಮೊದಲನೇ ವರ್ಷದಿಂದ."

ಹದಿನೆಂಟು ದಿನ ಕುಡಿದ ಗಂಜಿಯ ರುಚಿ ಸುರೇಖಾಳ ನಾಲಿಗೆಗೆ ಬಂದಂತಾಯಿತು. ಅದು ಪ್ರೀತಿಯೋ, ಗಬ್ಬದ ಕುರಿಗೆ ಹಾಕುವ ಮೇವೋ ಎಂದು ಇನ್ನು ಯಾರನ್ನು ಕೇಳಿದರೂ ಗೊತ್ತಾಗುವಂತಿರಲಿಲ್ಲ. ಬಹುಶಃ ಮೇಡಂ ಅವರಿಗೂ ಗೊತ್ತಿರಲಿಲ್ಲ.

ಊರಿನಲ್ಲಿ ಅವಳು ಎಲ್ಲವನ್ನೂ ಬಿಚ್ಚಿ ಹೇಳಿದಳು. ಬೀರಪ್ಪನ ಗುಡಿಯ ಮುಂದೆ, ಅದೇ ಜಾಗದಲ್ಲಿ, ಅದೇ ಜನರ ಎದುರಿಗೆ. ಮಾತು ಮುಗಿದಾಗ ಯಾರೂ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಮಾಳಪ್ಪ ಒಂದೇ ಪ್ರಶ್ನೆ ಕೇಳಿದ. "ನಿನಗ ಗೊತ್ತಿತ್ತೇನವ್ವ?"

"ಇಲ್ಲ, ಕಾಕಾ. ಬೀರಪ್ಪನಾಣಿ ಇಲ್ಲ."

"ಹೂಂ," ಎಂದ ಮಾಳಪ್ಪ. ಅವನು ನಂಬಿದ. ಆದರೆ ಎದ್ದು ಹೋಗುವಾಗ ಅವಳ ತಲೆಯ ಮೇಲೆ ಕೈ ಇಡಲಿಲ್ಲ. ಯಾವಾಗಲೂ ಇಡುತ್ತಿದ್ದ.

ವಾರದೊಳಗೆ ಪ್ರಯೋಗಾಲಯದ ಲಾರಿ ಬಂತು. ಕಾಗದದ ಪ್ರಕಾರ ಹಸಿರು ಕುರಿಗಳು ಅವರವು. ಇಬ್ಬರು ಆಳುಗಳು ಒಂದೊಂದನ್ನೇ ಚೀಲ ಎತ್ತಿದಂತೆ ಎತ್ತಿ ಲಾರಿಯೊಳಗೆ ಸಾಲಾಗಿ ನಿಲ್ಲಿಸಿದರು. ಒಂದೂ ಕಾಲು ಝಾಡಿಸಲಿಲ್ಲ. ಒದರಿದ್ದು ಬಯಲಿನಲ್ಲಿ ನಿಂತಿದ್ದ ಕಪ್ಪು ತಾಯಿಕುರಿಗಳು ಮಾತ್ರ. ಅವು ಸಂಜೆಯವರೆಗೆ ಒದರಿದವು.

ಆಮೇಲೆ ಆದದ್ದು ಯಾರೂ ಎಣಿಸಿರದಷ್ಟು ಬೇಗ ಆಯಿತು. ಎರಡು ವರ್ಷದಲ್ಲಿ ದೊಡ್ಡ ಊರುಗಳ ಹೊರವಲಯದಲ್ಲಿ ಕುರಿತೋಟಗಳು ಎದ್ದವು. ಮಾಳಿಗೆಯ ಮೇಲೆ ಮಾಳಿಗೆ, ಪ್ರತಿ ಮಾಳಿಗೆಯಲ್ಲೂ ಕನ್ನಡಿಗಳು ತಿರುಗಿಸಿ ಬಿಡುವ ಬಿಸಿಲು, ಸಾಲು ಸಾಲು ಕುರಿಗಳು. ದಿನಕ್ಕೊಮ್ಮೆ ನಳಿಗೆಯಲ್ಲಿ ಉಪ್ಪುನೀರು, ಒಂದು ಮುಷ್ಟಿ ಹಿಂಡಿ. ಕಾಯುವವರು ಬೇಕಿಲ್ಲ, ನಾಯಿ ಬೇಕಿಲ್ಲ, ಬಯಲು ಬೇಕಿಲ್ಲ. ಕುರಿ ಸಾಕುತ್ತೇವೆ ಎನ್ನುವವರು ಕಡಿಮೆಯಾದರು. ಕುರಿ ಬೆಳೆಯುತ್ತೇವೆ ಎನ್ನುವವರು ಹೆಚ್ಚಿದರು. ಅಷ್ಟು ದಿನ ಮಾಂಸ ಮುಟ್ಟದಿದ್ದವರು ಕೂಡ, ಇದಕ್ಕೆ ನೋವಿಲ್ಲವಂತೆ, ಇದು ಬದನೆಕಾಯಿ ಇದ್ದ ಹಾಗೆ, ಎಂದು ತಿನ್ನತೊಡಗಿದರು.

ಹಸಿರು ಕುರಿ ಪ್ರಾಣಿಯೋ ಬೆಳೆಯೋ ಎಂದು ತೀರ್ಮಾನಿಸಲು ಒಂದು ಸಮಿತಿ ಕೂತಿತು. ಪ್ರಾಣಿಯಾದರೆ ಹಿಂಸೆ ತಡೆಯುವ ಕಾನೂನು ಅನ್ವಯಿಸುತ್ತದೆ, ಬೆಳೆಯಾದರೆ ಇಲ್ಲ. ಸುರೇಖಾ ಬೆಂಗಳೂರಿಗೆ ಹೋಗಿ ಸಾಕ್ಷಿ ಹೇಳಿದಳು. ಹೆದರುವ, ಗುರುತಿಸುವ, ಓಡುವ ಶಕ್ತಿಯನ್ನು ಕಿತ್ತುಕೊಂಡು ಒಂದು ಜೀವಿಯನ್ನು ನಿಲ್ಲಿಸುವುದು ಹಿಂಸೆಯೇ ಎಂದು ವಾದಿಸಿದಳು.

ಸಮಿತಿಯ ಹಿರಿಯ ಸದಸ್ಯರೊಬ್ಬರು, ಬೆಳ್ಳಗಿನ ಕೂದಲಿನ ಸೌಮ್ಯ ಮನುಷ್ಯ, ಕನ್ನಡಕ ತೆಗೆದು ಕೇಳಿದರು:

"ಡಾಕ್ಟ್ರೇ, ನಾನು ಹುಟ್ಟಿದ್ದು 1990ರಲ್ಲಿ. 2020ರ ಸುಮಾರಿಗೆ ನಾವು ತಿಂತಿದ್ದ ಮೊಟ್ಟೆ ಎಲ್ಲಿಂದ ಬರ್ತಿತ್ತು ಗೊತ್ತಾ? ಒಂದು ಕಾಗದದ ಹಾಳೆಯಷ್ಟು ಜಾಗದಲ್ಲಿ, ತಂತಿ ಪಂಜರದಲ್ಲಿ, ರೆಕ್ಕೆ ಬಿಚ್ಚೋಕೂ ಆಗದೆ ನಿಂತಿರ್ತಿದ್ದ ಕೋಳಿಯಿಂದ. ಅದಕ್ಕೆ ಮೆದುಳು ಪೂರ್ತಿ ಇತ್ತು. ಹೆದರಿಕೆ ಇತ್ತು. ಓಡೋ ಆಸೆ ಇತ್ತು. ನಾವೆಲ್ಲ ಅದನ್ನ ಪ್ರಾಣಿ ಅಂತಲೇ ಕರೀತಿದ್ವಿ, ಒಬ್ಬರೂ ಬೆಳೆ ಅನ್ನಲಿಲ್ಲ. ಹಾಗೆ ಕರೆದು ಅದಕ್ಕೆ ನಾವು ಏನು ಮಾಡಿದ್ವಿ? ಡಾ. ಭಾಗವತ್ ಆಸೆಯನ್ನಾದರೂ ತೆಗೆದ್ರು. ನಾವು ಆಸೆಯನ್ನ ಹಾಗೇ ಉಳಿಸಿ ಜಾಗ ತೆಗೆದಿದ್ವಿ. ಎರಡರಲ್ಲಿ ಯಾವುದು ಹೆಚ್ಚಿನ ಮೋಸ, ನೀವೇ ಹೇಳಿ."

ಸುರೇಖಾ ತನ್ನ ಕಾಗದಗಳನ್ನು ಎತ್ತಿಕೊಂಡು ಸಾಕ್ಷಿಯ ಜಾಗದಿಂದ ಇಳಿದಳು. ತಿಂಗಳೊಪ್ಪತ್ತಿನಲ್ಲಿ ತೀರ್ಮಾನ ಹೊರಬಿತ್ತು: ಬೆಳೆ.

ಆ ಸುದ್ದಿಯನ್ನು ತಾನೇ ಹೇಳಬೇಕೆಂದು ಅವಳು ಮಾಳಪ್ಪನನ್ನು ಹುಡುಕಿಕೊಂಡು ಹೊರಟಳು. ಅವನು ಊರಿನಲ್ಲಿರಲಿಲ್ಲ. ಮಾರಿದ್ದು ಸತ್ತದ್ದು ಹೋಗಿ ಉಳಿದ ಹತ್ತೊಂಬತ್ತು ಕಪ್ಪು ಕುರಿಗಳಿಗೆ ಬಾಗಲಕೋಟೆ ಕಡೆಯಿಂದ ಒಂದು ಟಗರು ತಂದು ಬಿಟ್ಟುಕೊಂಡು, ಎರಡು ಬೇಲಿಗಳ ನಡುವಿನ ಹಳ್ಳದ ಗುಂಟ ಹಳೆಯ ದಾರಿ ಹಿಡಿದಿದ್ದ. ಎರಡು ದಿನ ಅಲೆದ ಮೇಲೆ ಅವನು ಸಿಕ್ಕ. ಹಿಂಡಿನಲ್ಲಿ ಈಗ ಹತ್ತು ಹೊಸ ಮರಿಗಳಿದ್ದವು, ಎಲ್ಲ ಕಪ್ಪು.

ಸುದ್ದಿ ಕೇಳಿ ಅವನು ತಲೆ ಅಲ್ಲಾಡಿಸಿದ, ಅಷ್ಟೇ. ಸುರೇಖಾ ಜೀಪಿನಿಂದ ಔಷಧದ ಪೆಟ್ಟಿಗೆ ಇಳಿಸಿದಳು. ಮರಿಗಳಿಗೆ ಕರುಳುಬೇನೆಯ ಲಸಿಕೆ ಹಾಕುವ ಕಾಲವಾಗಿತ್ತು. ಅವಳು ಸೂಜಿ ಹಿಡಿದು ಎರಡು ಹೆಜ್ಜೆ ಇಟ್ಟದ್ದೇ ತಡ, ಇಡೀ ಹಿಂಡು ಬೆದರಿ, ಕಲ್ಲು ಸಿಡಿಸುತ್ತ, ಒಂದರ ಮೇಲೊಂದು ಬೀಳುತ್ತ ದಿಬ್ಬದ ಆಚೆಗೆ ಓಡಿತು. ಧೂಳು ಎದ್ದು ಗಾಳಿಯಲ್ಲಿ ನಿಂತಿತು. ಅವು ಓಡಿದ್ದನ್ನು ಕಂಡು ಸುರೇಖಾಳ ಕಣ್ಣು ತುಂಬಿ ಬಂತು.

"ಕೂಗು ಹಾಕು, ಕಾಕಾ. ನಿನ್ನ ಕೂಗಿಗೆ ತಿರುಗಿ ಬರ್ತಾವ. ಬರೀ ಲಸಿಕಿ ಇದು, ನಾನ ಯಂತ್ರಕ್ಕ ಹಚ್ಚಿ ನೋಡೀನಿ."

ಮಾಳಪ್ಪ ಕೂಗು ಹಾಕಲಿಲ್ಲ. ದಿಬ್ಬದ ಕಡೆ ನೋಡುತ್ತ ನಿಂತ.

"ನಿನ್ನ ಮ್ಯಾಲ ಸಿಟ್ಟಿಲ್ಲ, ನನ್ನವ್ವ," ಎಂದ. "ಆದರ ಅವಕ್ಕ ನಿನ್ನ ಕಂಡ್ರ ಹೆದರಿಕಿ ಐತಿ. ಆ ಹೆದರಿಕಿ ಹಂಗ ಇರಲಿ."